ಮನೆಯ ಈಜುಕೊಳಕ್ಕೆ ನೀರಿನ ಪರೀಕ್ಷಾ ಕಿಟ್ ಆರಿಸುವ ಕ್ರಮ

ಬೆಂಗಳೂರಿನ ಹೊರವಲಯದ ತೋಟದ ಮನೆಗಳಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ, ಕರಾವಳಿಯ ದೊಡ್ಡ ಮನೆಗಳಲ್ಲಿ ಈಜುಕೊಳ ಈಗ ಅಪರೂಪವಲ್ಲ. ಕೊಳ ಕಟ್ಟಿಸುವಾಗ ಟೈಲ್ಸ್, ಪಂಪು, ಮರಳಿನ ಫಿಲ್ಟರ್ ಇವೆಲ್ಲವನ್ನೂ ನಾಲ್ಕು ಕಡೆ ವಿಚಾರಿಸಿ ಕೊಳ್ಳುವವರು ಕೂಡ ಪರೀಕ್ಷಾ ಕಿಟ್ಟಿನ ವಿಷಯಕ್ಕೆ ಬಂದಾಗ ಗುತ್ತಿಗೆದಾರರು ಕೊಟ್ಟದ್ದನ್ನೇ ಇಟ್ಟುಕೊಂಡು ಸುಮ್ಮನಾಗುತ್ತಾರೆ. ಹಾಗೆ ಸಿಗುವುದು ಬಹುಮಟ್ಟಿಗೆ ಎರಡು ಪುಟ್ಟ ಬಾಟಲಿಗಳೂ ಹಳದಿ ಮತ್ತು ಕೆಂಪು ಬಣ್ಣದ ಎರಡು ಅಳತೆಪಟ್ಟಿಗಳೂ ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ನೀರು ತಿಳಿಯಾಗಿ ಕಾಣುವುದು ಫಿಲ್ಟರಿನ ಕೆಲಸದಿಂದ. ಆ ನೀರಿನಲ್ಲಿ ರೋಗಾಣುಗಳು ಸಾಯುವುದು ಕ್ಲೋರಿನ್ನಿನಿಂದ. ಈ ಎರಡನೆಯದನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಅಳೆಯಲು ಸಾಧ್ಯವಿಲ್ಲ. ಕೊಳದ ಬಳಿ ಕ್ಲೋರಿನ್ ವಾಸನೆ ಗಾಢವಾಗಿದ್ದರೆ ಅದು ಬಹಳ ಸಲ ಬೆವರು, ಮೂತ್ರಗಳ ಜೊತೆ ಸೇರಿ ಶಕ್ತಿಗುಂದಿದ ಕ್ಲೋರಿನ್ನಿನ, ಅಂದರೆ ಕ್ಲೋರಮಿನ್‌ಗಳ ವಾಸನೆಯಾಗಿರುತ್ತದೆ.

ಪೆಟ್ಟಿಗೆಯ ಮೇಲೆ ಐದು ಪರೀಕ್ಷೆ ಎಂದು ಬರೆದಿದೆಯೋ ಏಳು ಎಂದು ಬರೆದಿದೆಯೋ ಎಂಬುದನ್ನು ನೋಡಿ ಕಿಟ್ ಆರಿಸಬಾರದು ಎಂಬುದು ಈ ಬರಹದ ಮುಖ್ಯ ಮಾತು. ನಿಮ್ಮ ಕೊಳಕ್ಕೆ ಎಲ್ಲಿಯ ನೀರು ಬರುತ್ತದೆ, ಅದಕ್ಕೆ ಯಾವ ಬಗೆಯ ಕ್ಲೋರಿನ್ ಹಾಕುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲಷ್ಟೇ ಯಾವ ಪರೀಕ್ಷೆಗಳು ಬೇಕೇಬೇಕು, ಯಾವುವು ಇಲ್ಲದಿದ್ದರೂ ನಡೆಯುತ್ತದೆ ಎಂದು ಹೇಳಲು ಬರುತ್ತದೆ.

ಮೊದಲ ಹೆಜ್ಜೆ: ತುಂಬುವ ನೀರನ್ನು ತಿಳಿಯುವುದು

ಬಯಲುಸೀಮೆಯ ಬೋರ್‌ವೆಲ್ ನೀರು, ಬೆಂಗಳೂರಿನ ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಒಳಗೆ ಕಟ್ಟುವ ಬಿಳಿ ಪೊರೆಯೇ ಕೊಳದ ಟೈಲ್ಸ್ ಮೇಲೂ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಒಟ್ಟು ಗಡಸುತನಕ್ಕೆ 200 ಪಿಪಿಎಂ (ಅಂದರೆ ಲೀಟರಿಗೆ 200 ಮಿಲಿಗ್ರಾಂ) ಒಪ್ಪಿತ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಅಂದರೆ ಕುಡಿಯಲು ಅನುಮತಿಯಿರುವ ನೀರೇ ಕೊಳಕ್ಕೆ ತೀರ ಗಡಸಾಗಿರಬಹುದು. ಇಂಥ ನೀರಿನಲ್ಲಿ ಕ್ಷಾರೀಯತೆಯೂ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯೂ ಹೆಚ್ಚಿದ್ದು, ಆಮ್ಲ ಹಾಕಿ ಇಳಿಸಿದ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಕೆಳಗಾದರೆ ಆಮ್ಲೀಯ) ಮತ್ತೆ ಮತ್ತೆ ಮೇಲೇರುತ್ತದೆ. ಆದ್ದರಿಂದ ಬಯಲುಸೀಮೆಯವರ ಕಿಟ್ಟಿನಲ್ಲಿ ಗಡಸುತನ ಮತ್ತು ಕ್ಷಾರೀಯತೆಯ ಹನಿ ಪರೀಕ್ಷೆಗಳು ಇರಲೇಬೇಕು.

ಮಲೆನಾಡು ಮತ್ತು ಕರಾವಳಿಯ ತೆರೆದ ಬಾವಿಯ ನೀರು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಅದು ಮೆದು, ಕ್ಷಾರೀಯತೆ ಕಡಿಮೆ, ಪಿಎಚ್ ಕೆಲವೊಮ್ಮೆ 7ಕ್ಕಿಂತ ಕೆಳಗೆ. ಮೆದು ನೀರು ಟೈಲ್ಸ್ ನಡುವಿನ ಸಿಮೆಂಟಿನಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಜಂಬಿಟ್ಟಿಗೆ ಮಣ್ಣಿನ ಕಡೆ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕ್ಲೋರಿನ್ ಹಾಕಿದೊಡನೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥವರು ಕಬ್ಬಿಣದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೊಳ್ಳುವುದು ಒಳ್ಳೆಯದು. ಕಿಟ್ ಕೊಳ್ಳುವ ಮೊದಲೇ ಒಮ್ಮೆ ನಿಮ್ಮ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಇಟ್ಟುಕೊಳ್ಳಿ. ಮುಂದೆ ನಿಮ್ಮ ಕಿಟ್ ಸರಿಯಾಗಿ ತೋರಿಸುತ್ತಿದೆಯೇ ಎಂದು ತಾಳೆ ನೋಡಲು ಅದೇ ಆಧಾರವಾಗುತ್ತದೆ.

ಎರಡನೆಯ ಹೆಜ್ಜೆ: ಕ್ಲೋರಿನ್ನಿನ ಡಬ್ಬಿಯನ್ನು ಓದುವುದು

ನಮ್ಮ ಮಾರುಕಟ್ಟೆಯಲ್ಲಿ ಕೊಳಕ್ಕೆಂದು ಸಿಗುವ ಕ್ಲೋರಿನ್ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್. ಎರಡನೆಯದು ಕ್ಯಾಲ್ಸಿಯಂ ಆಧಾರಿತವಾದದ್ದು: ಮೂರನೆಯ ಒಂದು ಭಾಗದಷ್ಟು ಕ್ಲೋರಿನ್ ಇರುವ ಮಾಮೂಲಿ ಬ್ಲೀಚಿಂಗ್ ಪೌಡರ್, ಅಥವಾ ಶೇ 65ರಿಂದ 70ರಷ್ಟು ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು. ಮೂರನೆಯದು ಟಿಸಿಸಿಎ 90 ಎಂಬ ಹೆಸರಿನಲ್ಲಿ ಬರುವ ಬಿಳಿ ಮಾತ್ರೆ ಅಥವಾ ಪುಡಿ; ಎಸ್‌ಡಿಐಸಿ ಎಂಬ ಪುಡಿಯೂ ಇದೇ ಗುಂಪಿಗೆ ಸೇರಿದ್ದು. ಕ್ಯಾಲ್ಸಿಯಂ ಬಗೆಯದನ್ನು ಬಳಸಿದಷ್ಟೂ ನೀರಿನ ಗಡಸುತನ ಏರುತ್ತ ಹೋಗುತ್ತದೆ. ಟಿಸಿಸಿಎ ಬಳಸಿದರೆ ಕ್ಲೋರಿನ್ನಿನ ಜೊತೆಗೆ ಸಯನೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ, ಮತ್ತು ಕಿಟ್ ಆಯ್ಕೆಯಲ್ಲಿ ಅತಿ ಹೆಚ್ಚು ಜನ ಕಡೆಗಣಿಸುವುದು ಇದನ್ನೇ.

ಸಯನೂರಿಕ್ ಆಮ್ಲ ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ. ಅದು 30ರಿಂದ 50 ಪಿಪಿಎಂ ಇದ್ದರೆ ಬಯಲಿನಲ್ಲಿರುವ ಕೊಳಕ್ಕೆ ಉಪಕಾರಿ. ಹೆಚ್ಚಾದರೆ ಅದೇ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ರೋಗಾಣುಗಳನ್ನು ಕೊಲ್ಲುವ ವೇಗವನ್ನು ತಗ್ಗಿಸುತ್ತದೆ. ಟಿಸಿಸಿಎಯಿಂದ 10 ಪಿಪಿಎಂ ಕ್ಲೋರಿನ್ ಸೇರಿಸಿದಾಗ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲ ಉಳಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೊಳ ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಡುತ್ತದೆಂದು ಇಟ್ಟುಕೊಂಡರೆ ತಿಂಗಳಿಗೆ 36, ಮೂರು ತಿಂಗಳಿಗೆ 100ಕ್ಕೂ ಮೇಲೆ. ಕ್ಲೋರಿನ್ ಖರ್ಚಾಗುತ್ತದೆ, ನೀರು ಆವಿಯಾಗುತ್ತದೆ, ಆದರೆ ಈ ಆಮ್ಲ ಅಲ್ಲಿಯೇ ಉಳಿಯುತ್ತದೆ. ನೀರನ್ನು ಹೊರಹಾಕಿ ಹೊಸ ನೀರು ತುಂಬುವುದೊಂದೇ ಅದನ್ನು ತಗ್ಗಿಸುವ ನಂಬಲರ್ಹ ದಾರಿ. ಟಿಸಿಸಿಎ ಬಳಸುವ ಮನೆಯಲ್ಲಿ ಈ ಪರೀಕ್ಷೆ ಇಲ್ಲದ ಕಿಟ್, ಉಳಿದೆಲ್ಲ ಪರೀಕ್ಷೆಗಳಿದ್ದರೂ, ಅಪೂರ್ಣವೇ. ಕಿಟ್ಟಿನಲ್ಲಿ ಕ್ಲೋರಿನ್ 2 ಪಿಪಿಎಂ ಎಂದು ಕಂಡರೂ ನೀರು ಹಸಿರು ತಿರುಗುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಇಲ್ಲಿಯೇ ಹೇಳಬೇಕಾದ ಒಂದು ಎಚ್ಚರಿಕೆಯಿದೆ. ಟಿಸಿಸಿಎಯನ್ನೂ ಬ್ಲೀಚಿಂಗ್ ಪೌಡರನ್ನೂ ಒಣ ಸ್ಥಿತಿಯಲ್ಲಿ ಎಂದೂ ಬೆರೆಸಬಾರದು, ಎರಡಕ್ಕೂ ಒಂದೇ ಚಮಚ ಬಳಸಬಾರದು. ಸ್ವಲ್ಪ ತೇವ ತಾಗಿದರೂ ಬೆಂಕಿ ಹೊತ್ತಿಕೊಳ್ಳುವ, ಸಿಡಿಯುವ ಅಪಾಯವಿದೆ.

ಮೂರನೆಯ ಹೆಜ್ಜೆ: ಬೇಕಾದ ಪರೀಕ್ಷೆಗಳ ಪಟ್ಟಿ ಮಾಡುವುದು

ಕಿಟ್ ಅಳೆಯುವ ವ್ಯಾಪ್ತಿ ಈ ಮುಂದಿನ ಮಿತಿಗಳನ್ನು ಒಳಗೊಂಡಿರಬೇಕು, ಮತ್ತು ಎರಡೂ ಕಡೆ ಸ್ವಲ್ಪ ಆಚೆಗೂ ಚಾಚಿರಬೇಕು. ಪಿಎಚ್ 7.2ರಿಂದ 7.8. ಕ್ಷಾರೀಯತೆ 80ರಿಂದ 120 ಪಿಪಿಎಂ. ಕ್ಯಾಲ್ಸಿಯಂ ಗಡಸುತನ 200ರಿಂದ 400 ಪಿಪಿಎಂ. ಮುಕ್ತ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಬಲ್ಲ ಕ್ಲೋರಿನ್, ಕನಿಷ್ಠ 1 ಪಿಪಿಎಂ ಇರಬೇಕೆಂದೂ, ಸಯನೂರಿಕ್ ಆಮ್ಲ ಇರುವ ಕೊಳದಲ್ಲಿ ಕನಿಷ್ಠ 2 ಪಿಪಿಎಂ ಇರಬೇಕೆಂದೂ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಸಲಹೆ ಕೊಡುತ್ತದೆ. ಕೊಳ ನೋಡಿಕೊಳ್ಳುವ ಅನುಭವಸ್ಥರಲ್ಲಿ ಹಲವರು ಸಯನೂರಿಕ್ ಆಮ್ಲದ ಶೇ 7.5ರಷ್ಟು ಮುಕ್ತ ಕ್ಲೋರಿನ್ ಇರಬೇಕೆಂಬ ಲೆಕ್ಕ ಪಾಲಿಸುತ್ತಾರೆ. ಆಮ್ಲ 60 ಇದ್ದರೆ ಕ್ಲೋರಿನ್ 4.5. ಉಪ್ಪಿನಿಂದ ಕ್ಲೋರಿನ್ ಉತ್ಪಾದಿಸುವ ಯಂತ್ರವಿರುವ ಕೊಳಕ್ಕೆ ಇವುಗಳ ಜೊತೆ ಉಪ್ಪಿನ ಪರೀಕ್ಷೆಯೂ ಬೇಕು.

ನಾಲ್ಕನೆಯ ಹೆಜ್ಜೆ: ಕ್ಲೋರಿನ್ ಪರೀಕ್ಷೆಯ ವಿಧಾನವನ್ನು ಆರಿಸುವುದು

ಕಿಟ್ಟುಗಳ ಬೆಲೆಯಲ್ಲೂ ಗುಣದಲ್ಲೂ ಕಾಣುವ ಅಂತರ ಬಹುಪಾಲು ಇಲ್ಲಿಯೇ ಹುಟ್ಟುವುದರಿಂದ ಈ ಹೆಜ್ಜೆಯಲ್ಲಿ ಅವಸರ ಸಲ್ಲದು.

ಅತಿ ಅಗ್ಗದ್ದು ಓಟಿಓ, ಅಂದರೆ ಆರ್ಥೊಟಾಲಿಡಿನ್ ವಿಧಾನ. ಗ್ರಾಮ ಪಂಚಾಯಿತಿಯ ವಾಟರ್‌ಮನ್‌ಗಳು ನಲ್ಲಿ ನೀರಿಗೆ ಬಳಸುತ್ತ ಬಂದ ಕ್ಲೋರೋಸ್ಕೋಪ್ ಇದೇ ತತ್ತ್ವದ್ದು: ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಇದು ತೋರಿಸುವುದು ಒಟ್ಟು ಕ್ಲೋರಿನ್ನನ್ನು. ಕೆಲಸ ಮಾಡಬಲ್ಲ ಮುಕ್ತ ಕ್ಲೋರಿನ್ ಎಷ್ಟು, ಶಕ್ತಿಗುಂದಿದ ಸಂಯುಕ್ತ ಕ್ಲೋರಿನ್ ಎಷ್ಟು ಎಂದು ಇದರಿಂದ ಬೇರ್ಪಡಿಸಿ ಹೇಳಲಾಗದು. ನಲ್ಲಿ ನೀರಿನಲ್ಲಿ ಒಟ್ಟು ಕ್ಲೋರಿನ್ನಿಗೂ ಮುಕ್ತ ಕ್ಲೋರಿನ್ನಿಗೂ ಅಂತರ ಹೆಚ್ಚಿರುವುದಿಲ್ಲವಾದರೂ ಹತ್ತಾರು ಜನ ಮಿಂದೆದ್ದ ಕೊಳದಲ್ಲಿ ಬಹಳವಿರಬಹುದು. ಅದರ ದ್ರಾವಣ ಪ್ರಬಲ ಆಮ್ಲದಲ್ಲಿರುತ್ತದೆ, ಆರ್ಥೊಟಾಲಿಡಿನ್ ಕ್ಯಾನ್ಸರ್‌ಕಾರಕವೆಂಬ ಶಂಕೆಗೆ ಒಳಗಾದ ವಸ್ತು. ಮಕ್ಕಳಿರುವ ಮನೆಗೆ ಇದನ್ನು ನಾನು ಸೂಚಿಸುವುದಿಲ್ಲ.

ಎರಡನೆಯದು ಡಿಪಿಡಿ. 1957ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎ. ಟಿ. ಪಾಲಿನ್ ರೂಪಿಸಿದ ಈ ವಿಧಾನದಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 1ನೇ ಸಂಖ್ಯೆಯ ಮಾತ್ರೆ ಅಥವಾ ಹನಿಗಳು ಮುಕ್ತ ಕ್ಲೋರಿನ್ನನ್ನು ತೋರಿಸುತ್ತವೆ. ಅದೇ ನೀರಿಗೆ 3ನೇ ಸಂಖ್ಯೆಯದನ್ನು ಸೇರಿಸಿದರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಎರಡರ ವ್ಯತ್ಯಾಸವೇ ಸಂಯುಕ್ತ ಕ್ಲೋರಿನ್. ಈ ವ್ಯತ್ಯಾಸ 0.4 ಪಿಪಿಎಂ ದಾಟಿದ್ದರೆ ಕೊಳಕ್ಕೆ ಒಮ್ಮೆಲೇ ಹೆಚ್ಚಿನ ಪ್ರಮಾಣದ ಕ್ಲೋರಿನ್ ಬೇಕೆಂದು ಅರ್ಥ. ಡಿಪಿಡಿಯ ದೊಡ್ಡ ಕೊರತೆ ಎರಡು. ಗುಲಾಬಿಯ ಛಾಯೆಗಳಲ್ಲಿ 3 ಯಾವುದು, 5 ಯಾವುದು ಎಂದು ಕಣ್ಣಿಗೆ ಬೇರ್ಪಡಿಸುವುದು ಕಷ್ಟ. ಇದಕ್ಕಿಂತ ಅಪಾಯಕಾರಿಯಾದದ್ದು, ಕ್ಲೋರಿನ್ ಸುಮಾರು 10 ಪಿಪಿಎಂ ದಾಟಿದರೆ ಅದು ಬಣ್ಣವನ್ನೇ ಚಲುವೆ ಮಾಡಿಬಿಡುವುದರಿಂದ ನೀರು ನಿರ್ವರ್ಣವಾಗಿ ಕಾಣುವುದು. ಕ್ಲೋರಿನ್ ಇಲ್ಲವೆಂದು ತಿಳಿದು ಇನ್ನಷ್ಟು ಸುರಿಯುವ ಪ್ರಮಾದ ಹೀಗೆ ಆಗುತ್ತದೆ. ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ, ಕೊಳದ ನೀರಿಗೆ ನಾಲ್ಕು ಪಟ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು 5ರಿಂದ ಗುಣಿಸಬೇಕು.

ಮೂರನೆಯದು ಎಫ್‌ಎಎಸ್-ಡಿಪಿಡಿ. ಇದರಲ್ಲಿ ಬಣ್ಣವನ್ನು ಪಟ್ಟಿಗೆ ಹೋಲಿಸುವುದಿಲ್ಲ, ಹನಿಗಳನ್ನು ಎಣಿಸುತ್ತೇವೆ. 10 ಮಿ.ಲೀ. ನೀರಿಗೆ ಡಿಪಿಡಿ ಪುಡಿ ಹಾಕಿ ಗುಲಾಬಿ ಬರಿಸಿ, ಕಬ್ಬಿಣದ ಲವಣದ ದ್ರಾವಣವನ್ನು ಒಂದೊಂದೇ ಹನಿಯಾಗಿ ಬಣ್ಣ ಪೂರ್ತಿ ಹೋಗುವವರೆಗೆ ಸೇರಿಸಬೇಕು. ಪ್ರತಿ ಹನಿಗೆ 0.5 ಪಿಪಿಎಂ. 25 ಮಿ.ಲೀ. ನೀರು ತೆಗೆದುಕೊಂಡರೆ ಪ್ರತಿ ಹನಿಗೆ 0.2 ಪಿಪಿಎಂ. 50 ಪಿಪಿಎಂವರೆಗೂ ಅಳೆಯಬಹುದು. ಬಣ್ಣ ಇದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡಬೇಕಾದ್ದರಿಂದ ವಯಸ್ಸಾದವರ ಕಣ್ಣಿಗೂ ಇದು ಸುಲಭ. ಅಮೆರಿಕದ ಟೇಲರ್ ಕಂಪನಿಯ ಕೆ-2006 ಈ ಬಗೆಯ ಕಿಟ್ಟುಗಳಲ್ಲಿ ಹೆಸರಾದದ್ದು. ಅದೇ ಕಂಪನಿಯ ಕೆ-2005 ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಅದರಲ್ಲಿರುವುದು ಮಾಮೂಲಿ ಬಣ್ಣ ಹೋಲಿಕೆಯ ಡಿಪಿಡಿ. ಆನ್‌ಲೈನ್‌ನಲ್ಲಿ ತರಿಸುವಾಗ ಈ ಕೊನೆಯ ಅಂಕಿಯನ್ನು ನೋಡಿಕೊಳ್ಳಿ. ಆಮದಿನ ಕಿಟ್ ದುಬಾರಿಯೇ. ಆದರೂ ವರ್ಷವಿಡೀ ಅತಿಥಿಗಳು ಬರುವ ಹೋಂಸ್ಟೇಗೆ, ಅಥವಾ ಪದೇ ಪದೇ ಪಾಚಿ ಕಟ್ಟುವ ಕೊಳಕ್ಕೆ ಈ ವಿಧಾನವೇ ತಕ್ಕದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಮನೆಮಂದಿ ಮಾತ್ರ ವಾರಾಂತ್ಯದಲ್ಲಿ ಇಳಿಯುವ ಕೊಳಕ್ಕೆ ಒಳ್ಳೆಯ ಡಿಪಿಡಿ ಸಾಕು.

ಐದನೆಯ ಹೆಜ್ಜೆ: ಪಿಎಚ್ ಪರೀಕ್ಷೆ

ಪಿಎಚ್‌ಗೆ ಫಿನಾಲ್ ರೆಡ್ ದ್ರಾವಣವೇ ಸಾಕು. ಅದರ ವ್ಯಾಪ್ತಿ 6.8ರಿಂದ 8.2ರ ಆಸುಪಾಸಿನಲ್ಲಿ ಮುಗಿಯುತ್ತದೆ. ಟಿಸಿಸಿಎ ನೀರನ್ನು ಆಮ್ಲೀಯಗೊಳಿಸುವುದರಿಂದ ಪಟ್ಟಿ 6.8 ತೋರಿದಾಗ ನಿಜವಾದ ಪಿಎಚ್ ಇನ್ನೂ ಕೆಳಗಿರಬಹುದು ಎಂಬುದು ನೆನಪಿರಲಿ. ಕ್ಲೋರಿನ್ ವಿಪರೀತವಿದ್ದಾಗ ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿ ಪಿಎಚ್ ಬಹಳ ಹೆಚ್ಚಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಸಾಮಾನ್ಯ ಬಳಕೆದಾರರು 8ರ ಮೇಲಿನ ಪಿಎಚ್ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಸಯನೂರಿಕ್ ಆಮ್ಲವಿಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಪ್ರಬಲ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಪೆನ್ನಿನಂಥ ಪಿಎಚ್ ಮೀಟರ್ ಕೊಳ್ಳುವವರು ಪಿಎಚ್ 7 ಮತ್ತು 4 ಅಥವಾ 9 ಎಂದು ನಿಶ್ಚಿತವಾಗಿರುವ ಬಫರ್ ದ್ರಾವಣಗಳಿಂದ ಅದನ್ನು ಆಗಾಗ ಹೊಂದಿಸಬೇಕು, ಅದರ ತುದಿ ಒಣಗದಂತೆ ಕಾಪಾಡಬೇಕು. ಅಷ್ಟು ಶ್ರದ್ಧೆಯಿಲ್ಲದ ಕಡೆ ಮೀಟರಿಗಿಂತ ಹನಿಯೇ ನಂಬಿಕೆಗೆ ಅರ್ಹ.

ಆರನೆಯ ಹೆಜ್ಜೆ: ಕ್ಷಾರೀಯತೆ, ಗಡಸುತನ, ಸಯನೂರಿಕ್ ಆಮ್ಲ

ಕ್ಷಾರೀಯತೆಯ ಹನಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಸಿರು ನೀರು ಕೆಂಪಾಗುತ್ತದೆ, 25 ಮಿ.ಲೀ. ನೀರಿಗೆ ಪ್ರತಿ ಹನಿಯ ಲೆಕ್ಕ 10 ಪಿಪಿಎಂ. ಬೋರ್‌ವೆಲ್ ನೀರಿನ ಕ್ಷಾರೀಯತೆ 300 ಇದ್ದರೆ ಒಂದೇ ಸಲಕ್ಕೆ 30 ಹನಿ ಬೇಕಾಗಿ ಬಾಟಲಿ ಬೇಗ ಬರಿದಾಗುತ್ತದೆ. 10 ಮಿ.ಲೀ. ನೀರು ಬಳಸಿ ಪ್ರತಿ ಹನಿಗೆ 25ರಂತೆ ಎಣಿಸಲು ಅವಕಾಶವಿರುವ ಕಿಟ್ ಇಂಥವರಿಗೆ ಲಾಭದಾಯಕ. ಟಿಸಿಸಿಎ ಬಳಸುವವರು ಇಲ್ಲೊಂದು ತಿದ್ದುಪಡಿ ಮಾಡಿಕೊಳ್ಳಬೇಕು: ಸಯನೂರಿಕ್ ಆಮ್ಲವೂ ಕ್ಷಾರೀಯತೆಯಾಗಿಯೇ ಎಣಿಕೆಗೆ ಬರುವುದರಿಂದ, ಅದರ ಮೂರನೆಯ ಒಂದು ಭಾಗವನ್ನು ಬಂದ ಅಂಕಿಯಿಂದ ಕಳೆಯಬೇಕು.

ಗಡಸುತನದಲ್ಲಿ ಗೊಂದಲವಾಗುವುದು ಒಟ್ಟು ಗಡಸುತನಕ್ಕೂ ಕ್ಯಾಲ್ಸಿಯಂ ಗಡಸುತನಕ್ಕೂ ಇರುವ ಭೇದದಲ್ಲಿ. ನೀರು ಮೆದುಗೊಳಿಸುವ ಸಾಫ್ಟ್‌ನರ್ ಜೊತೆ ಬರುವ ಕಿಟ್ ಮೆಗ್ನೀಸಿಯಮ್ಮನ್ನೂ ಸೇರಿಸಿ ಒಟ್ಟನ್ನು ಅಳೆಯುತ್ತದೆ. ಕೊಳಕ್ಕೆ ಬೇಕಾದದ್ದು ಕ್ಯಾಲ್ಸಿಯಮ್ಮಿನದು. ಪೆಟ್ಟಿಗೆಯ ಮೇಲೆ ಹಾಗೆಂದು ಸ್ಪಷ್ಟವಾಗಿ ಬರೆದಿರಬೇಕು. ಅಕ್ವೇರಿಯಂ ಅಂಗಡಿಯ ಕಿಟ್ಟುಗಳು ಜರ್ಮನ್ ಡಿಗ್ರಿಯಲ್ಲಿ ಲೆಕ್ಕ ಕೊಡುತ್ತವೆ. ಒಂದು ಡಿಗ್ರಿ ಎಂದರೆ 17.9 ಪಿಪಿಎಂ. ಅವೂ ಬಹುತೇಕ ಒಟ್ಟು ಗಡಸುತನದವೇ. ಪರೀಕ್ಷೆಯ ಕೊನೆಗೆ ನೀರು ಕೆಂಪಿನಿಂದ ಶುದ್ಧ ನೀಲಿಗೆ ತಿರುಗದೆ ನೇರಳೆಯಲ್ಲೇ ನಿಂತರೆ ತಾಮ್ರ ಅಥವಾ ಕಬ್ಬಿಣದ ಅಂಶ ಅಡ್ಡಬರುತ್ತಿದೆ ಎಂದು ಊಹಿಸಬಹುದು.

ಸಯನೂರಿಕ್ ಆಮ್ಲದ ಪರೀಕ್ಷೆಯಲ್ಲಿ ಕೊಳದ ನೀರನ್ನೂ ಮೆಲಮಿನ್ ದ್ರಾವಣವನ್ನೂ ಸಮನಾಗಿ ಬೆರೆಸಿದರೆ ನೀರು ಮಜ್ಜಿಗೆಯ ತಿಳಿಯಂತೆ ಮಸುಕಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಗೆ ನಿಧಾನವಾಗಿ ಸುರಿಯುತ್ತ, ಮೇಲಿನಿಂದ ನೋಡಿದಾಗ ಚುಕ್ಕೆ ಮರೆಯಾದ ಮಟ್ಟವನ್ನು ಓದಬೇಕು. ಬೆಳಕು ಬದಲಾದರೆ ಉತ್ತರವೂ ಬದಲಾಗುವುದರಿಂದ ಯಾವಾಗಲೂ ಹೊರಗೆ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ನೋಡಿ. ಅಂಕಿ 100ರ ಗೆರೆಯಲ್ಲೇ ನಿಂತರೆ ಕೊಳದ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ಮಾಡಿ, ಉತ್ತರವನ್ನು ಎರಡರಿಂದ ಗುಣಿಸಿ. ಈ ದ್ರಾವಣ ಪ್ರತಿ ಸಲವೂ ಹನಿಗಟ್ಟಲೆಯಲ್ಲ, ಹಲವು ಮಿ.ಲೀ. ಖರ್ಚಾಗುತ್ತದೆ, ಹಾಗಾಗಿ ಕಿಟ್ ಕೊಳ್ಳುವಾಗ ಈ ಬಾಟಲಿಯ ಗಾತ್ರವನ್ನು ವಿಶೇಷವಾಗಿ ಗಮನಿಸಿ.

ಏಳನೆಯ ಹೆಜ್ಜೆ: ಸ್ಟ್ರಿಪ್ಪೋ, ಹನಿಯೋ, ಡಿಜಿಟಲ್ಲೋ

ಸ್ಟ್ರಿಪ್ ಎಂಬ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ನೀರಿಗೆ ಅದ್ದಿ ತೆಗೆದ ಕಾಲು ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ದಿನನಿತ್ಯದ ಮೇಲ್ನೋಟಕ್ಕೆ ಅದು ಸಾಕಾದರೂ, ಅದರಲ್ಲಿ ಕ್ಷಾರೀಯತೆ 80 ಬಿಟ್ಟರೆ ಮುಂದಿನ ಬಣ್ಣ 120 ಎಂಬಂತೆ ಹೆಜ್ಜೆಗಳು ದೊಡ್ಡವು, ಮತ್ತು ಅದು ಗಡಸುತನವನ್ನು ಬಹುತೇಕ ಒಟ್ಟು ಲೆಕ್ಕದಲ್ಲೇ ತೋರಿಸುತ್ತದೆ. ತೇವ ಅದರ ಶತ್ರು: ಜುಲೈ ತಿಂಗಳ ಮಡಿಕೇರಿಯಲ್ಲೋ ಉಡುಪಿಯಲ್ಲೋ ಮುಚ್ಚಳ ಸಡಿಲವಾಗಿ ಉಳಿದ ಡಬ್ಬಿಯ ಸ್ಟ್ರಿಪ್ಪುಗಳನ್ನು ನಂಬುವಂತಿಲ್ಲ.

ಫೋಟೋಮೀಟರ್ ಎಂಬ ಡಿಜಿಟಲ್ ಸಾಧನ ಅದೇ ಡಿಪಿಡಿಯ ಬಣ್ಣವನ್ನು ಬೆಳಕಿನ ಮೂಲಕ ಓದಿ ಅಂಕಿಯಾಗಿ ತೋರಿಸುತ್ತದೆ. ಕೆಂಪು-ಹಸಿರು ಭೇದ ಕಾಣದವರಿಗೆ, ಕೆಲಸಗಾರರು ಪರೀಕ್ಷೆ ಮಾಡಿ ಅಂಕಿಯನ್ನು ವಾಟ್ಸಾಪ್‌ನಲ್ಲಿ ಕಳಿಸಬೇಕಾದ ತೋಟದ ಮನೆಗಳಿಗೆ ಇದು ನಿಜಕ್ಕೂ ಉಪಯುಕ್ತ. ಆದರೆ ಗಾಜಿನ ನಳಿಕೆಯ ಮೇಲಿನ ಬೆರಳಚ್ಚು, ಗೀರು, ನೀರಿನ ಗುಳ್ಳೆ ಇವೆಲ್ಲವೂ ಅಂಕಿಯಾಗಿಯೇ ಬರುತ್ತವೆ. ದಶಮಾಂಶದವರೆಗೆ ತೋರಿಸಿದ ಮಾತ್ರಕ್ಕೆ ಅದು ಅಷ್ಟು ನಿಖರವೆಂದು ತಿಳಿಯಬಾರದು.

ಅಂಗಡಿಯವರು ಆರ್‌ಒ ನೀರಿಗೆ ಬಳಸುವ ಟಿಡಿಎಸ್ ಪೆನ್ನನ್ನು ಕೊಳಕ್ಕೂ ಆಗುತ್ತದೆಂದು ಕೊಟ್ಟರೆ ಒಪ್ಪಬೇಡಿ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣದ ಅಂದಾಜು ಕೊಡುತ್ತದೆ. ಕ್ಲೋರಿನ್ ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಹಳ್ಳಿಗಳ ಕುಡಿಯುವ ನೀರಿಗೆಂದು ತಯಾರಾದ ಕಿಟ್ಟುಗಳೂ ಇಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಅವುಗಳ ಕ್ಲೋರಿನ್ ಪಟ್ಟಿ ಕೊಳಕ್ಕೆ ಬೇಕಾದ ಮಟ್ಟಕ್ಕಿಂತ ಬಹಳ ಮೊದಲೇ ಮುಗಿಯಬಹುದು.

ಎಂಟನೆಯ ಹೆಜ್ಜೆ: ಕೊಳ್ಳುವಾಗ ಕೇಳಬೇಕಾದದ್ದು

ಮೊದಲು ದಿನಾಂಕ. ದ್ರಾವಣಗಳ ಬಾಳಿಕೆ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ. ಆಮದಾಗಿ, ಗೋದಾಮಿನಲ್ಲಿ ಕೂತು, ಬೇಸಿಗೆಯ ಲಾರಿಯಲ್ಲಿ ಬಂದ ಬಾಟಲಿಯ ಅರ್ಧ ಆಯುಷ್ಯ ನಿಮ್ಮ ಕೈ ಸೇರುವಷ್ಟರಲ್ಲೇ ಮುಗಿದಿರಬಹುದು. ಡಿಪಿಡಿ ದ್ರಾವಣ ಕಂದು ತಿರುಗಿದ್ದರೆ ಹಿಂದಿರುಗಿಸಿ. ಮಾತ್ರೆ ಮತ್ತು ಪುಡಿ ದ್ರಾವಣಕ್ಕಿಂತ ಹೆಚ್ಚು ಕಾಲ ಬಾಳುವುದರಿಂದ ನಮ್ಮ ಹವೆಗೆ ಅವೇ ಮೇಲು. ಆಮೇಲೆ, ಮುಗಿದ ಬಾಟಲಿಯೊಂದನ್ನೇ ಬಿಡಿಯಾಗಿ ಕೊಡುತ್ತಾರೆಯೇ ಎಂದು ಕೇಳಿ. ಬಿಡಿ ಬಾಟಲಿ ಸಿಗದ ಕಿಟ್ ಎಷ್ಟೇ ಅಗ್ಗವಾಗಿದ್ದರೂ ವರ್ಷದ ಲೆಕ್ಕದಲ್ಲಿ ದುಬಾರಿ. ಒಂದು ಕಂಪನಿಯ ದ್ರಾವಣವನ್ನು ಇನ್ನೊಂದು ಕಂಪನಿಯ ಬಣ್ಣದ ಪಟ್ಟಿಯೊಂದಿಗೆ ಬಳಸಬಾರದು, ಏಕೆಂದರೆ ಹನಿಯ ಗಾತ್ರವೂ ಸಾಂದ್ರತೆಯೂ ಬೇರೆಬೇರೆ.

ವರ್ಷಕ್ಕೆ ಎಷ್ಟು ಪರೀಕ್ಷೆ ಬೇಕೆಂಬುದನ್ನೂ ಅಂದಾಜು ಮಾಡಿ. ಕೊಳ ಬಳಕೆಯಲ್ಲಿರುವ ದಿನಗಳಲ್ಲಿ ಕ್ಲೋರಿನ್ ಮತ್ತು ಪಿಎಚ್ ದಿನಕ್ಕೊಮ್ಮೆ, ಕ್ಷಾರೀಯತೆ ವಾರಕ್ಕೊಮ್ಮೆ, ಗಡಸುತನ ಮತ್ತು ಸಯನೂರಿಕ್ ಆಮ್ಲ ತಿಂಗಳಿಗೊಮ್ಮೆ ನೋಡಬೇಕಾಗುತ್ತದೆ. ಜೋರು ಮಳೆ ಬಂದು ಕೊಳ ತುಂಬಿ ಹರಿದ ಮರುದಿನ ಎಲ್ಲವನ್ನೂ ಮತ್ತೆ ನೋಡಬೇಕು.

ಒಂಬತ್ತನೆಯ ಹೆಜ್ಜೆ: ಕಿಟ್ ಬಂದ ದಿನ

ಮೊದಲು ನಿಮ್ಮ ಬೋರ್‌ವೆಲ್ ನೀರಿನ ಕ್ಷಾರೀಯತೆ ಮತ್ತು ಗಡಸುತನವನ್ನು ಹೊಸ ಕಿಟ್ಟಿನಲ್ಲಿ ಅಳೆದು ಪ್ರಯೋಗಾಲಯದ ವರದಿಯೊಂದಿಗೆ ಹೋಲಿಸಿ. ಗಡಸುತನದಲ್ಲಿ ಕ್ಯಾಲ್ಸಿಯಂ ಅಂಕಿಯನ್ನೇ ಹೋಲಿಸಬೇಕು. ಒಂದೆರಡು ಹನಿಯ ವ್ಯತ್ಯಾಸ ಸಹಜ, ಅದಕ್ಕಿಂತ ಹೆಚ್ಚಿದ್ದರೆ ಕಿಟ್ಟನ್ನು ಬದಲಾಯಿಸಿಕೊಳ್ಳಿ. ನಂತರ ಕೊಳದ ನೀರು ತೆಗೆಯುವಾಗ ನೀರು ಒಳಬರುವ ಕೊಳವೆಗಳಿಂದ ದೂರದಲ್ಲಿ, ಬಾಟಲಿಯನ್ನು ಬೋರಲು ಹಿಡಿದು ಮೊಣಕೈ ಮುಳುಗುವಷ್ಟು ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿಸಿಕೊಳ್ಳಿ. ಹನಿ ಹಾಕುವಾಗ ಬಾಟಲಿ ನೇರವಾಗಿ ಕೆಳಮುಖವಾಗಿರಬೇಕು. ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಹಿನ್ನೆಲೆಯ ಮುಂದೆ ನೋಡಿ. ಪರೀಕ್ಷೆ ಮುಗಿದ ನೀರನ್ನು ಕೊಳಕ್ಕೆ ಮರಳಿ ಸುರಿಯದೆ ಚರಂಡಿಗೆ ಬಿಟ್ಟು, ನಳಿಕೆಗಳನ್ನು ತೊಳೆದಿಡಿ.

ಬಂದ ಅಂಕಿಯನ್ನು ಔಷಧಿಯ ಪ್ರಮಾಣವಾಗಿ ಬದಲಾಯಿಸಲು ಕೊಳದಲ್ಲಿ ಎಷ್ಟು ನೀರಿದೆಯೆಂದು ಗೊತ್ತಿರಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳವಿದ್ದರೆ 41,600 ಲೀಟರ್. ಅಲ್ಲಿ 1 ಪಿಪಿಎಂ ಕ್ಲೋರಿನ್ ಏರಿಸಲು ಸುಮಾರು 42 ಗ್ರಾಂ ಕ್ಲೋರಿನ್, ಅಂದರೆ ಶೇ 30ರ ಬ್ಲೀಚಿಂಗ್ ಪೌಡರ್ ಆದರೆ 140 ಗ್ರಾಂ ಬೇಕು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಪೆಟ್ಟಿಗೆಯನ್ನು ಪಂಪ್ ರೂಮಿನಲ್ಲಿ ಮಾತ್ರ ಇಡಬೇಡಿ. ಅಲ್ಲಿನ ಶಾಖ ಹಾಗೂ ಕ್ಲೋರಿನ್ ಮತ್ತು ಆಮ್ಲದ ಹೊಗೆ ದ್ರಾವಣಗಳನ್ನು ದಿನಾಂಕಕ್ಕೆ ಮೊದಲೇ ಕೆಡಿಸುತ್ತವೆ. ಮನೆಯೊಳಗೆ, ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಕಪಾಟಿನಲ್ಲಿ ಇಟ್ಟು, ಪ್ರತಿ ಬಾಟಲಿಯ ಮೇಲೂ ತೆರೆದ ದಿನಾಂಕವನ್ನು ಬರೆದಿಡಿ.